ಮೈಯಲ್ಲೇ ಬುತ್ತಿ ಕಟ್ಕೊಂಡು ಹೋಗಿ: ಕಮಾಂಡೋ, ಪ್ಯಾರಾ ಟ್ರೈನಿಂಗ್‌ಗೆ ದೇಹ ರೆಡಿ ಮಾಡೋ ಬಗೆ

ಬೆಳಿಗ್ಗೆ ಗ್ರೌಂಡಿಗೆ ಬರೋ ಹುಡುಗರು ನನ್ನ ಹತ್ರ ಮೊದಲು ಕೇಳೋದು ಒಂದೇ ಪ್ರಶ್ನೆ, "ಅಣ್ಣ, ಬಾಡಿ ಫ್ಯಾಟ್ ಎಷ್ಟಕ್ಕೆ ಇಳಿಸ್ಬೇಕು?" ಫೋನ್ ತೆಗೆದು ಯಾರದೋ ಹೊಟ್ಟೆ ಮೇಲಿನ ಆರು ಗಂಟು ತೋರಿಸ್ತಾರೆ, ಹೀಗಾದ್ರೆ ಕಮಾಂಡೋ ಆಗ್ಬಹುದಾ ಅಂತಾರೆ. ನಾನು ಇನ್‌ಫೆಂಟ್ರಿಲಿ 17 ವರ್ಷ ಇದ್ದು ಬಂದವನು, ಕೋರ್ಸ್ ಮಾಡಿದ್ದೀನಿ, ಮಾಡೋರನ್ನ ಹತ್ತಿರದಿಂದ ನೋಡಿದ್ದೀನಿ, ಈಗ ಐದಾರು ವರ್ಷದಿಂದ ಹುಡುಗರಿಗೆ ಓಡೋದು ಹತ್ತೋದು ಹೇಳ್ಕೊಡ್ತಿದ್ದೀನಿ. ನಾನು ಅವರಿಗೆ ಹೇಳೋದು ಇಷ್ಟೇ: ಇಳಿಸೋ ಮಾತು ಆಮೇಲೆ, ಮೊದಲು ಟೇಪ್ ತಗೊಂಡು ಬಾ.

ಇದು ಯಾರಿಗೆ ಅಂತ ಮೊದಲೇ ಹೇಳ್ಬಿಡ್ತೀನಿ. ಈಗಾಗ್ಲೇ ಫೌಜಲ್ಲಿ ಇದ್ದು ಪ್ಯಾರಾಗೋ (ಪ್ಯಾರಾಚೂಟ್ ಪಡೆ), ಅದರ ವಿಶೇಷ ಪಡೆ ಪ್ಯಾರಾ ಎಸ್‌ಎಫ್‌ಗೋ ವಾಲಂಟಿಯರ್ ಕೊಡ್ಬೇಕು ಅಂತಿರೋರು, ಬೆಳಗಾವಿಯ ಕಮಾಂಡೋ ವಿಂಗ್‌ಗೆ ಕೋರ್ಸ್‌ಗೆ ಹೆಸರು ಹೋಗಿರೋರು, ಸಿಆರ್‌ಪಿಎಫ್‌ನಲ್ಲಿದ್ದು ಅದರ ಕಾಡಿನ ಕಮಾಂಡೋ ಪಡೆ ಕೋಬ್ರಾಗೆ ಹೋಗೋ ಆಸೆ ಇರೋರು, ಇವರಿಗೆಲ್ಲ. ಇನ್ನೂ ರ್‍ಯಾಲಿ ತಯಾರಿಲಿ ಇರೋ ತಮ್ಮಂದಿರೂ ಓದಿ, ಆದ್ರೆ ಒಂದು ವಿಷಯ ತಲೇಲಿ ಇಟ್ಕೊಳ್ಳಿ, ರ್‍ಯಾಲಿ ಬೇರೆ ಪರೀಕ್ಷೆ. ಅಲ್ಲಿ 1.6 ಕಿಲೋಮೀಟರನ್ನ 5 ನಿಮಿಷ 30 ಸೆಕೆಂಡ್ ಒಳಗೆ ಓಡಿದ್ರೆ 60 ಮಾರ್ಕ್ಸ್, 10 ಬೀಮ್ (ಕಂಬಿ ಹಿಡಿದು ಮೈ ಮೇಲೆತ್ತೋದು) ಹೊಡೆದ್ರೆ 40, ಅಲ್ಲಿಗೆ ನೂರಕ್ಕೆ ನೂರು. ಹಗುರ ಇದ್ದಷ್ಟೂ ಈ ಎರಡೂ ಸಲೀಸು. 55 ಕೆಜಿ ಹುಡುಗ ಜಿಂಕೆ ಥರ ಓಡ್ತಾನೆ, ಬೀಮಲ್ಲಿ ಗಾಳಿಪಟದ ಥರ ಮೇಲೆ ಹೋಗ್ತಾನೆ. ಅದೇ ಹುಡುಗನ ಬೆನ್ನಿಗೆ 20 ಕೆಜಿ ಪಿಟ್ಠು (ಸೈನಿಕರ ಬೆನ್ನುಚೀಲ) ಹಾಕಿ ರಾತ್ರಿಯೆಲ್ಲ ನಡೆಸಿ, ಎರಡು ಗಂಟೆ ನಿದ್ದೆ ಕೊಟ್ಟು, ಅರ್ಧ ಹೊಟ್ಟೆ ಊಟ ಕೊಟ್ಟು, ಮತ್ತೆ ನಡೆಸಿ, ಹೀಗೇ ಮೂರನೇ ವಾರ ಬರ್ಲಿ, ಆಗ ಕಥೆಯೇ ಬೇರೆ. ಎರಡೂ ಪರೀಕ್ಷೆಗೆ ಒಂದೇ ಮೈ ಸಾಕು ಅಂದ್ಕೊಳ್ಳೋದೇ ಎಲ್ರೂ ಮಾಡೋ ತಪ್ಪು.

ನಾನೂ ಅದೇ ತಪ್ಪು ಮಾಡಿದ್ದೆ. ಕೋರ್ಸ್‌ಗೆ ಹೋಗೋಕೆ ಮುಂಚೆ ನಾಲ್ಕು ತಿಂಗಳು ಅನ್ನ ಬಿಟ್ಟು, ರಾತ್ರಿ ಊಟ ಬಿಟ್ಟು, ದಿನಾ 10 ಕಿಲೋಮೀಟರ್ ಓಡಿ ಮೈಯನ್ನ ಒಣ ಕಟ್ಟಿಗೆ ಮಾಡ್ಕೊಂಡಿದ್ದೆ. ಮೊದಲ ವಾರ ಎಲ್ಲರಿಗಿಂತ ಮುಂದೆ ನಾನೇ. ಮೂರನೇ ವಾರ ಒಂದು ಬೆಳಗಿನ ಜಾವ ಪಿಟ್ಠು ಹಾಕ್ಕೊಂಡು ಮಂಡಿ ಊರಿ ಏಳೋಕೆ ಹೋದ್ರೆ ತೊಡೆ ಏಳ್ತಿಲ್ಲ. ನೋವಲ್ಲ ಅದು, ನೋವಾದ್ರೆ ಹಲ್ಲು ಕಚ್ಚಿ ತಡ್ಕೋಬಹುದು, ಅಲ್ಲಿ ಶಕ್ತಿನೇ ಇಲ್ಲ, ನಲ್ಲಿ ತಿರುಗಿಸಿದ್ರೆ ನೀರೇ ಬರದ ಹಾಗೆ. ಸೊಂಟದ ಮೂಳೆ ಮೇಲೆ ಪಿಟ್ಠು ಬೆಲ್ಟ್ ಉಜ್ಜಿ ಎರಡು ಕಡೆ ಹುಣ್ಣು, ಅದು ಮಾಯ್ತಾನೇ ಇರ್ಲಿಲ್ಲ. ಪಕ್ಕದಲ್ಲಿ ನನ್ನ ಬಡ್ಡಿ (ಕೋರ್ಸಲ್ಲಿ ಜೊತೆಗಾರ) ಒಬ್ಬ ಇದ್ದ, ಗುಂಡಗೆ, ದಪ್ಪ ತೊಡೆ, ಓಟದಲ್ಲಿ ಯಾವಾಗ್ಲೂ ಹಿಂದೆ. ಅವತ್ತು ಅವನು ಒಂದು ಕೈ ಕೊಟ್ಟು ನನ್ನ ಎಬ್ಬಿಸಿದ. ಆ ಕೋರ್ಸ್ ಮುಗಿಸಿದ್ದು ಅವನ ದಯೆಯಿಂದ ಅಂತ ಇವತ್ತಿಗೂ ಹೇಳ್ತೀನಿ.

ಯಾಕೆ ಹಾಗಾಯ್ತು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ, ಅಮೆರಿಕದ ರೇಂಜರ್ ಸ್ಕೂಲಿನ ಬಗ್ಗೆ ಓದಿದಾಗ.

ರೇಂಜರ್ ಸ್ಕೂಲಲ್ಲಿ ಅಳೆದು ನೋಡಿದ್ದು

ರೇಂಜರ್ ಸ್ಕೂಲ್ ಅಂದ್ರೆ ಅಮೆರಿಕ ಸೈನ್ಯದ ಎಂಟು ವಾರಕ್ಕೂ ಮೀರಿದ ಕೋರ್ಸ್. ಶುರುವಾಗೋದು ಜಾರ್ಜಿಯಾ ರಾಜ್ಯದ ಫೋರ್ಟ್ ಬೆನ್ನಿಂಗಲ್ಲಿ, ಆಮೇಲೆ ಅಲ್ಲಿನ ಬೆಟ್ಟ, ಆಮೇಲೆ ಫ್ಲೋರಿಡಾದ ಜೌಗು, ಆ ಕಾಲದಲ್ಲಿ ಮರುಭೂಮಿ ಹಂತ ಒಂದೂ ಇತ್ತು. ಬೇಕಂತಲೇ ಊಟ ಕಮ್ಮಿ ಕೊಡ್ತಾರೆ, ನಿದ್ದೆ ಕಮ್ಮಿ ಕೊಡ್ತಾರೆ, ಆ ಸ್ಥಿತೀಲಿ ಗಸ್ತು ತಂಡ ಲೀಡ್ ಮಾಡೋಕೆ ಹೇಳ್ತಾರೆ. 1991ರಲ್ಲಿ ಅಲ್ಲಿನ ಸೈನ್ಯದ ವಿಜ್ಞಾನಿಗಳು ಒಂದು ಬ್ಯಾಚನ್ನ ಶುರುವಿಂದ ಕೊನೇವರೆಗೂ ಅಳೆದ್ರು, ತೂಕ ಮಾತ್ರ ಅಲ್ಲ, ಎಕ್ಸ್‌ರೇ ಥರದ ಡೆಕ್ಸಾ ಮಷಿನಲ್ಲಿ ಮಲಗಿಸಿ ಕೊಬ್ಬು ಎಷ್ಟು, ಮಸಲ್ ಎಷ್ಟು, ಮೂಳೆ ಎಷ್ಟು ಅಂತ ಬೇರೆ ಬೇರೆಯಾಗಿ ನೋಡಿದ್ರು.

ಕೋರ್ಸ್ ಮುಗಿಸಿದ 55 ಜನರ ಲೆಕ್ಕ ಹೀಗಿದೆ. ದಿನಕ್ಕೆ ಸುಮಾರು 1200 ಕ್ಯಾಲರಿ ಕೊರತೆ, ಅಂದ್ರೆ ಖರ್ಚು ಮಾಡಿದ್ದಕ್ಕಿಂತ ಅಷ್ಟು ಕಮ್ಮಿ ತಿಂದ್ರು. ಎಂಟು ವಾರದಲ್ಲಿ ತೂಕ ಸರಾಸರಿ 16 ಪರ್ಸೆಂಟ್ ಇಳೀತು, 75 ಕೆಜಿ ಇದ್ದೋನು 63 ಆದ ಅಂದ್ಕೊಳ್ಳಿ. ಬಾಡಿ ಫ್ಯಾಟ್ 14 ಪರ್ಸೆಂಟಿಂದ 6ರ ಹತ್ತಿರಕ್ಕೆ ಬಂತು. ಎತ್ತೋ ಶಕ್ತಿ ಸುಮಾರು ಐದನೇ ಒಂದು ಭಾಗದಷ್ಟು ಹೋಯ್ತು. ಟೆಸ್ಟೋಸ್ಟೆರಾನ್ ಅಂತೂ ನೆಲ ಕಚ್ಚಿತ್ತು. ಮುಖ್ಯವಾದ ವಿಷಯ ಇನ್ನೊಂದಿದೆ, ಎಷ್ಟೇ ಹಸಿವಿದ್ರೂ ಕೊಬ್ಬು 4-5 ಪರ್ಸೆಂಟಿಗಿಂತ ಕೆಳಗೆ ಇಳೀಲಿಲ್ಲ. ಅದು ತಳ. ಆ ತಳ ಹತ್ತಿರ ಬರ್ತಿದ್ದ ಹಾಗೆ ದೇಹ ಮಸಲ್ ಸುಡೋಕೆ ಶುರು ಮಾಡತ್ತೆ. ಬರೋವಾಗ ಸ್ವಲ್ಪ ಕೊಬ್ಬು ಇಟ್ಕೊಂಡು ಬಂದೋರು ಹೆಚ್ಚಾಗಿ ಕೊಬ್ಬು ಕಳ್ಕೊಂಡ್ರು, ತೆಳ್ಳಗೆ ಬಂದೋರು ಮಸಲ್ ಕಳ್ಕೊಂಡ್ರು.

ಇದನ್ನ ನಮ್ಮ ಲೆಕ್ಕಕ್ಕೆ ಹಾಕಿ ನೋಡಿ, ನಾನು ಹುಡುಗರಿಗೆ ನೆಲದ ಮೇಲೆ ಕಡ್ಡೀಲಿ ಬರೆದು ತೋರಿಸ್ತೀನಿ. ದಿನಕ್ಕೆ 1200, ಅರವತ್ತು ದಿನಕ್ಕೆ 72000 ಕ್ಯಾಲರಿ ಕೊರತೆ. ಒಂದು ಕೆಜಿ ಮೈ ಕೊಬ್ಬಲ್ಲಿ ಸುಮಾರು 7700 ಕ್ಯಾಲರಿ ಇರತ್ತೆ, ಅಂದ್ರೆ ಬರೀ ಕೊಬ್ಬಿಂದಲೇ ತುಂಬ್ಸೋದಾದ್ರೆ ಒಂಬತ್ತು ಕೆಜಿಗೂ ಜಾಸ್ತಿ ಬೇಕು. ಈಗ 70 ಕೆಜಿಯ ಇಬ್ಬರನ್ನ ತಗೊಳ್ಳಿ. ಒಬ್ಬನ ಫ್ಯಾಟ್ 14 ಪರ್ಸೆಂಟ್, ಅವನ ಮೈಲಿ ಒಟ್ಟು 9.8 ಕೆಜಿ ಕೊಬ್ಬು, ತಳದಲ್ಲಿ ಉಳಿಯೋ 4 ಪರ್ಸೆಂಟ್ ಅಂದ್ರೆ 2.8 ಕೆಜಿ ಕಳೀರಿ, ಖರ್ಚಿಗೆ ಸಿಗೋದು 7 ಕೆಜಿ. ಇನ್ನೊಬ್ಬ 8 ಪರ್ಸೆಂಟಿನ ಸಿಕ್ಸ್‌ಪ್ಯಾಕ್ ಹುಡುಗ, ಒಟ್ಟು 5.6, ತಳ ಕಳೆದ್ರೆ ಸಿಗೋದು 2.8 ಕೆಜಿ ಅಷ್ಟೇ. ಅವನ ಬುತ್ತಿ ಮೂರನೇ ವಾರಕ್ಕೇ ಖಾಲಿ. ನಾನು ಎದ್ದೇಳೋಕಾಗದೆ ಕೂತಿದ್ದೂ ಮೂರನೇ ವಾರವೇ. ಉಳಿದ ಕೊರತೆಯನ್ನ ಮಸಲ್ ತುಂಬ್ಬೇಕು, ಒಂದು ಕೆಜಿ ಮಸಲ್‌ನಲ್ಲಿ ಸಿಗೋ ಶಕ್ತಿ ಕೊಬ್ಬಿನ ಕಾಲು ಭಾಗದಷ್ಟಿದ್ರೆ ಹೆಚ್ಚು, ಹಾಗಾಗಿ ಕೆಜಿಗಟ್ಟಲೆ ತೊಡೆ, ಭುಜ, ಬೆನ್ನು ಕರಗತ್ತೆ. ಹಿರಿಯರು ಹೇಳೋ ಹಾಗೆ ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು, ಸಿಕ್ಸ್‌ಪ್ಯಾಕ್ ಮಾಡ್ಕೊಂಡು ಹಸಿವಿನ ಕೋರ್ಸ್‌ಗೆ ಹೋಗೋದು ಅಂದ್ರೆ ಅದೇ.

ಹಾಗಂತ ಹೊಟ್ಟೆ ಬೆಳೆಸ್ಕೊಂಡು ಹೋಗಿ ಅಂತ ನಾನು ಹೇಳ್ತಿಲ್ಲ. 22-24 ಪರ್ಸೆಂಟ್ ಇದ್ದು ಹೋದ್ರೆ ಮೊದಲ ವಾರದ ಓಟದಲ್ಲೇ, ರೋಪಲ್ಲೇ ಆಚೆ ಬರ್ತೀರ, ಬಿಸಿಲಲ್ಲಿ ಮೈ ಬೇಗ ಕಾಯತ್ತೆ, ಮಂಡಿ ಬೇಗ ಹೋಗತ್ತೆ. ನನ್ನ ಅನುಭವದಲ್ಲಿ 12ರಿಂದ 15 ಪರ್ಸೆಂಟ್ ಒಳಗೆ, ಒಳ್ಳೆ ಮಸಲ್ ಇಟ್ಕೊಂಡು ಹೋಗೋನು ಕೊನೇವರೆಗೂ ನಿಲ್ತಾನೆ.

ಅಳತೆ ತಗೊಳ್ಳೋದು ಹೀಗೆ

ಬಿಎಂಐ ಮರೆತುಬಿಡಿ, ಅದಕ್ಕೆ ಮಸಲ್ಲೂ ಗೊತ್ತಿಲ್ಲ ಬೊಜ್ಜೂ ಗೊತ್ತಿಲ್ಲ. ಕಾಲಿಟ್ರೆ ಫ್ಯಾಟ್ ತೋರಿಸೋ ಡಿಜಿಟಲ್ ತಕ್ಕಡಿ ಕೂಡ ಬೇಡ, ನೀರು ಕುಡಿದು ನಿಂತ್ರೆ ಒಂದು ಹೇಳತ್ತೆ, ಓಡಿ ಬೆವತು ನಿಂತ್ರೆ ಇನ್ನೊಂದು ಹೇಳತ್ತೆ. ಬೆಂಗಳೂರಲ್ಲಿ ಇದ್ದು ದುಡ್ಡಿದ್ರೆ ಡೆಕ್ಸಾ ಸ್ಕ್ಯಾನ್ ಮಾಡಿಸ್ಕೊಳ್ಳಿ, ಇಲ್ದಿದ್ರೆ ಟೈಲರ್ ಅಂಗಡಿಯ ಹತ್ತಿಪ್ಪತ್ತು ರೂಪಾಯಿ ಟೇಪ್ ಸಾಕು. ಅಮೆರಿಕದ ನೌಕಾಪಡೆ 1980ರ ದಶಕದಲ್ಲಿ ತಂದ ವಿಧಾನ ಇದು, ಬೇಕಾಗಿರೋದು ಮೂರೇ ಅಳತೆ, ಎತ್ತರ, ಕುತ್ತಿಗೆ, ಹೊಕ್ಕುಳ ಸುತ್ತ.

ಬೆಳಿಗ್ಗೆ ಎದ್ದು ಟಾಯ್ಲೆಟ್ ಮುಗಿಸಿ, ನೀರು ಕುಡಿಯೋಕೆ ಮುಂಚೆ, ಶರ್ಟ್ ಬಿಚ್ಚಿ ನೆಟ್ಟಗೆ ನಿಂತ್ಕೊಳ್ಳಿ. ಕುತ್ತಿಗೇಲಿ ಗಂಟಲ ಮುಂದೆ ಉಬ್ಬಿರೋ ಗಂಟಿನ ಸ್ವಲ್ಪ ಕೆಳಗೆ ಟೇಪ್ ಸುತ್ತಿ, ಭುಜ ಮೇಲೆ ಎತ್ಬೇಡಿ. ಹೊಟ್ಟೆಗೆ ಸರಿಯಾಗಿ ಹೊಕ್ಕುಳ ಮೇಲೆ ಟೇಪ್ ಬರ್ಬೇಕು, ಬೆನ್ನ ಕಡೆ ಟೇಪ್ ಕೆಳಗೆ ಜಾರಿರತ್ತೆ, ಅದಕ್ಕೇ ಇನ್ನೊಬ್ಬರ ಹತ್ರ ಅಳೆಸಿ ಇಲ್ಲ ಕನ್ನಡಿ ಮುಂದೆ ನಿಲ್ಲಿ. ಉಸಿರು ಸಹಜವಾಗಿ ಬಿಟ್ಟ ಕೊನೇಲಿ ಅಳೀರಿ. ಹೊಟ್ಟೆ ಒಳಗೆ ಎಳ್ಕೋಬೇಡಿ, ನಮ್ಮ ಹುಡುಗರೆಲ್ಲ ಮೊದಲ ದಿನ ಎಳ್ಕೊಂಡೇ ಅಳೆಯೋದು, ಎರಡು ಇಂಚು ಸುಳ್ಳು ಅಲ್ಲೇ ಸೇರತ್ತೆ. ಮೂರು ಸಲ ಅಳೆದು ನಡುವಿನ ಸಂಖ್ಯೆ ಬರ್ಕೊಳ್ಳಿ.

ಆಮೇಲೆ ಹೊಟ್ಟೆಯಿಂದ ಕುತ್ತಿಗೆ ಕಳೀರಿ, ಇಂಚಲ್ಲಿ. ಈ ವ್ಯತ್ಯಾಸದಲ್ಲೇ ಎಲ್ಲ ಇದೆ. ಸೂತ್ರ ಲಾಗರಿದಮ್ ಇರೋದು, ಅದನ್ನ ನಾನೇ ಲೆಕ್ಕ ಹಾಕಿ ಹೇಳ್ತೀನಿ. 5 ಅಡಿ 8 ಇಂಚು ಎತ್ತರದವನಿಗೆ ವ್ಯತ್ಯಾಸ 15 ಇಂಚು ಬಂದ್ರೆ ಫ್ಯಾಟ್ ಸುಮಾರು 9.5 ಪರ್ಸೆಂಟ್, 17 ಬಂದ್ರೆ 14, 20 ಬಂದ್ರೆ 20. ಎತ್ತರ 5 ಅಡಿ 6 ಇಂಚಾದ್ರೆ ಇದಕ್ಕೆ ಒಂದು ಪರ್ಸೆಂಟ್ ಸೇರಿಸಿ, 5 ಅಡಿ 10 ಆದ್ರೆ ಒಂದು ಕಳೀರಿ. ಅಂದ್ರೆ ಕುತ್ತಿಗೆ 15 ಇದ್ದು ಹೊಟ್ಟೆ 32 ಇರೋ ಹುಡುಗ 14ರಲ್ಲಿದ್ದಾನೆ, ಅವನು ಇನ್ನೇನೂ ಇಳಿಸೋದು ಬೇಕಾಗಿಲ್ಲ, ಬಲ ಕಟ್ಟೋದಷ್ಟೇ ಬಾಕಿ. ಟೇಪಿನ ಲೆಕ್ಕ ಎರಡು ಮೂರು ಪರ್ಸೆಂಟ್ ಆಚೀಚೆ ಇರತ್ತೆ, ಅದಕ್ಕೆ ತಲೆ ಕೆಡಿಸ್ಕೋಬೇಡಿ, 15 ದಿನಕ್ಕೊಮ್ಮೆ ಒಂದೇ ರೀತಿ ಅಳೆದು ಯಾವ ಕಡೆ ಹೋಗ್ತಿದೆ ನೋಡಿ. ಜೊತೆಗೆ ತೊಡೆ ನಡುವಿನ ಸುತ್ತಳತೆಯೂ ಬರ್ಕೊಳ್ಳಿ, ತೂಕ ಇಳಿದು ತೊಡೆಯೂ ಇಳೀತಿದ್ರೆ ಹೋಗ್ತಿರೋದು ಮಸಲ್ ಅಂತ ಅರ್ಥ.

ವ್ಯತ್ಯಾಸ 20 ದಾಟಿದವರು ವಾರಕ್ಕೆ ಅರ್ಧ ಕೆಜಿ ಲೆಕ್ಕದಲ್ಲಿ ನಿಧಾನ ಇಳಿಸಿ, ಕೋರ್ಸ್‌ಗೆ ಒಂದು ತಿಂಗಳು ಇರೋವಾಗ ಇಳಿಸೋದು ನಿಲ್ಲಿಸಿಬಿಡಿ. 15ಕ್ಕಿಂತ ಕಮ್ಮಿ ಇರೋರು ಇವತ್ತಿಂದಲೇ ಜಾಸ್ತಿ ತಿನ್ನೋಕೆ ಶುರು ಮಾಡಿ.

ಹದಿನಾರು ವಾರ

ನಾಲ್ಕು ತಿಂಗಳು ಕೈಲಿದ್ರೆ ಒಳ್ಳೇದು, ಅದಕ್ಕಿಂತ ಕಮ್ಮಿಯಲ್ಲಿ ಮಾಡಿದ್ರೆ ಮೂಳೆ ಒಪ್ಪಲ್ಲ. ಉಸಿರು ಆರು ವಾರದಲ್ಲಿ ರೆಡಿ ಆಗತ್ತೆ, ಮಸಲ್ ಎಂಟು ಹತ್ತು ವಾರದಲ್ಲಿ, ಮೂಳೆ ಮತ್ತೆ ಸ್ನಾಯು ಕಟ್ಟು ಗಟ್ಟಿ ಆಗೋದು ಎಲ್ಲಕ್ಕಿಂತ ನಿಧಾನ, ಹುಡುಗರು ಮುರ್ಕೊಳ್ಳೋದು ಈ ಅಂತರದಲ್ಲೇ, ಉಸಿರಿದೆ ಅಂತ ಓಡ್ತಾರೆ, ಮೊಣಕಾಲ ಕೆಳಗಿನ ಮೂಳೆ ಇನ್ನೂ ತಯಾರಿಲ್ಲ.

ಓಟ ವಾರಕ್ಕೆ ನಾಲ್ಕು ದಿನ ಸಾಕು. ಅದರಲ್ಲಿ ಮೂರು ದಿನ ಪಕ್ಕದವನ ಜೊತೆ ಮಾತಾಡ್ಕೊಂಡು ಓಡೋವಷ್ಟು ನಿಧಾನ, ಅರ್ಧ ಗಂಟೆಯಿಂದ ಶುರು ಮಾಡಿ ಒಂದು ಗಂಟೆವರೆಗೆ. ಒಂದು ದಿನ ಜೋರು, 800 ಮೀಟರಿನ ಐದು ರಿಪೀಟ್, ನಡುವೆ ಮೂರು ನಿಮಿಷ ನಡಿಗೆ. ದಿನಾ ಪ್ರಾಣ ಬಿಟ್ಟು ಓಡೋದ್ರಿಂದ ಏನೂ ಸಿಗಲ್ಲ. ಗುರಿ ಏನು ಅಂದ್ರೆ ನಮ್ಮ ಸೈನ್ಯದಲ್ಲಿ ಬಹಳ ವರ್ಷ ಇದ್ದ ಬಿಪಿಇಟಿ ಅನ್ನೋ ದೈಹಿಕ ಪರೀಕ್ಷೇಲಿ 30 ವರ್ಷದೊಳಗಿನ ಜವಾನ 5 ಕಿಲೋಮೀಟರನ್ನ ರೈಫಲ್ ಸಮೇತ 25 ನಿಮಿಷದೊಳಗೆ ಮುಗಿಸಿದ್ರೆ ಎಕ್ಸಲೆಂಟ್ ಅಂತಿತ್ತು, ನೀವು ಅದನ್ನ ಮುಗಿಸಿ ಇನ್ನೂ ಮಾತಾಡೋ ಸ್ಥಿತೀಲಿ ಇರ್ಬೇಕು. ರೇಂಜರ್ ಸ್ಕೂಲಲ್ಲಿ ಬಹಳ ವರ್ಷ ಇದ್ದ ಮಾನದಂಡ 5 ಮೈಲಿ, ಅಂದ್ರೆ 8 ಕಿಲೋಮೀಟರ್, 40 ನಿಮಿಷದಲ್ಲಿ, ಆಮೇಲೆ 12 ಮೈಲಿ ಭಾರ ಹೊತ್ತು ಮೂರು ಗಂಟೇಲಿ. ಎರಡೂ ಕಡೆ ಕೇಳ್ತಿರೋದು ಒಂದೇ ಥರದ ಮನುಷ್ಯನನ್ನ.

ಬಲಕ್ಕೆ ವಾರಕ್ಕೆ ಮೂರು ದಿನ. ಜಿಮ್ ಇದ್ರೆ ಸ್ಕ್ವಾಟ್, ಡೆಡ್‌ಲಿಫ್ಟ್, ಭುಜದ ಮೇಲೆ ಎತ್ತೋ ಪ್ರೆಸ್, ಐದೈದು ರೆಪ್ಸ್ ಭಾರವಾಗಿ ಮಾಡಿ. ಜಿಮ್ ಇಲ್ಲದಿದ್ರೂ ನಮ್ಮ ಹಳ್ಳೀಲಿ ಏನು ಕೊರತೆ, ಸಿಮೆಂಟ್ ಚೀಲಕ್ಕೆ ಮರಳು ತುಂಬಿ ಬಾಯಿ ಹೊಲೆದು ತಬ್ಬಿ ಹಿಡಿದು ಕೂತು ಏಳಿ, ಜಗಲಿ ಕಟ್ಟೆ ಮೇಲೆ ಒಂದೊಂದೇ ಕಾಲಲ್ಲಿ ಹತ್ತಿ ಇಳೀರಿ, ಗೆಳೆಯನನ್ನ ಹೆಗಲ ಮೇಲೆ ಹಾಕ್ಕೊಂಡು 100 ಮೀಟರ್ ನಡೀರಿ. ಬೀಮ್ ಮತ್ತೆ ರೋಪ್ ಬಿಡ್ಲೇಬೇಡಿ, ರೋಪಲ್ಲಿ ಕಾಲಿನ ಲಾಕ್ ಕಲೀರಿ, ಕೈ ಬಲದಲ್ಲೇ ಹತ್ತೋರು ಪಿಟ್ಠು ಹಾಕಿದ ದಿನ ಅರ್ಧಕ್ಕೇ ನಿಲ್ತಾರೆ.

ಪಿಟ್ಠು ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಯಾಕಂದ್ರೆ ಎಲ್ಲ ಕೆಡೋದು ಇಲ್ಲಿ. 8 ಕೆಜಿ, 4 ಕಿಲೋಮೀಟರ್, ಇದು ಮೊದಲ ನಡಿಗೆ. ಹತ್ತು ದಿನಕ್ಕೊಮ್ಮೆ ಒಂದು ಮೆಟ್ಟಿಲು ಏರಿ, ಒಂದೋ 2 ಕೆಜಿ ಸೇರಿಸಿ, ಇಲ್ಲ 3 ಕಿಲೋಮೀಟರ್ ಸೇರಿಸಿ, ಎರಡನ್ನೂ ಒಟ್ಟಿಗೆ ಯಾವತ್ತೂ ಬೇಡ. ಆರು ಸಲ ತೂಕ, ನಾಲ್ಕು ಸಲ ದೂರ, ಹತ್ತು ಮೆಟ್ಟಿಲು ಅಂದ್ರೆ ನೂರು ದಿನಕ್ಕೆ 20 ಕೆಜಿ, 16 ಕಿಲೋಮೀಟರಿಗೆ ಬಂದು ನಿಲ್ತೀರ. ಪಿಟ್ಠು ನಡಿಗೆ ವಾರಕ್ಕೆ ಒಂದೇ ಸಲ, ಹುಮ್ಮಸ್ಸು ಬಂತು ಅಂತ ದಿನಾ ಹೊರ್ಬೇಡಿ. ಓಡ್ಬೇಡಿ, ಜೋರಾಗಿ ನಡೀರಿ, ಹೆಜ್ಜೆ ಉದ್ದ ಮಾಡೋ ಬದಲು ಬೇಗ ಬೇಗ ಇಡಿ.

ಪಿಟ್ಠು ಒಳಗೆ ಕೆಳಗಡೆ ಕಂಬಳಿ ಇಲ್ಲ ಟವಲ್ ತುರುಕಿ, ಮರಳಿನ ಚೀಲ ಮೇಲ್ಭಾಗದಲ್ಲಿ, ಭುಜದ ಎಲುಬುಗಳ ನಡುವೆ, ಬೆನ್ನಿಗೆ ಅಂಟಿ ಕೂರ್ಬೇಕು. ಭಾರ ಕೆಳಗೆ ಜೋತು ಬಿದ್ರೆ ಹಿಂದಕ್ಕೆ ಎಳೆಯತ್ತೆ, ನೀವು ಮುಂದಕ್ಕೆ ಬಗ್ಗಿ ನಡೀತೀರ, ಎರಡೇ ಕಿಲೋಮೀಟರಿಗೆ ಸೊಂಟ ಹಿಡಿಯತ್ತೆ. ಭಾರದಲ್ಲಿ ನಾಲ್ಕೈದು ಕೆಜಿ ನೀರಿನ ಬಾಟಲಿ ರೂಪದಲ್ಲಿರ್ಲಿ, ಮಂಡಿ ನೋವು ಬಂದ್ರೆ ದಾರೀಲೇ ಚೆಲ್ಲಿ ಹಗುರ ಮಾಡ್ಕೋಬಹುದು, ಇಳಿಜಾರಲ್ಲಿ ಇದು ಮಂಡಿ ಉಳಿಸತ್ತೆ. 60 ಕೆಜಿ ಹುಡುಗನಿಗೆ 20 ಕೆಜಿ ಅಂದ್ರೆ ಮೈತೂಕದ ಮೂರನೇ ಒಂದು ಭಾಗ, 75 ಕೆಜಿಯವನಿಗೆ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ, ತೆಳ್ಳಗಿರೋರು ಮಸಲ್ ಕಟ್ಬೇಕು ಅಂತ ನಾನು ಬಡ್ಕೊಳ್ಳೋದು ಇದಕ್ಕೇ, ಪಿಟ್ಠು ಎಲ್ಲರಿಗೂ ಒಂದೇ ತೂಕದ್ದು ಕೊಡ್ತಾರೆ, ನಿಮ್ಮ ತೂಕ ನೋಡಿ ಕೊಡಲ್ಲ.

ಬೂಟು ಕೋರ್ಸಲ್ಲಿ ಹಾಕೋದನ್ನೇ ಹಾಕಿ ನಡೀರಿ, ಹೊಸ ಬೂಟಲ್ಲಿ ಕೋರ್ಸ್‌ಗೆ ಹೋಗೋದು ಕಾಲಿಗೆ ಮಾಡೋ ದ್ರೋಹ. ಒಳಗೆ ತೆಳು ಸಾಕ್ಸ್, ಮೇಲೆ ದಪ್ಪ ಸಾಕ್ಸ್. ಉಗುರು ನೇರಕ್ಕೆ ಕತ್ತರಿಸಿ, ಮೂಲೆ ಕೊರೀಬೇಡಿ. ಎಲ್ಲೋ ಬಿಸಿ ಅನ್ನಿಸ್ತು ಅಂದ್ರೆ ಆ ಕ್ಷಣ ನಿಂತು ಗಾಯಕ್ಕೆ ಹಾಕೋ ಅಂಟು ಟೇಪ್ ಹಾಕಿ, ಬೊಕ್ಕೆ ಬಂದ ಮೇಲೆ ಹಾಕಿ ಪ್ರಯೋಜನ ಇಲ್ಲ. ಬೊಕ್ಕೆ ಬಂದಿದ್ರೆ ಸುಟ್ಟು ಆರಿಸಿದ ಸೂಜೀಲಿ ಅಂಚಲ್ಲಿ ಚುಚ್ಚಿ ನೀರು ತೆಗೀರಿ, ಮೇಲಿನ ಚರ್ಮ ಕಿತ್ತು ಹಾಕ್ಬೇಡಿ, ಅದೇ ಬ್ಯಾಂಡೇಜು.

ತಿನ್ನೋದು

ಮೈತೂಕದ ಪ್ರತಿ ಕೆಜಿಗೆ 1.6ರಿಂದ 2 ಗ್ರಾಂ ಪ್ರೋಟೀನ್, 70 ಕೆಜಿಯವನಿಗೆ 125 ಗ್ರಾಂ ಹತ್ತಿರ ಅಂದ್ಕೊಳ್ಳಿ. ಇದಕ್ಕೆ ಡಬ್ಬದ ಪೌಡರ್ ಬೇಕೇ ಬೇಕು ಅಂತೇನಿಲ್ಲ. ನಾಲ್ಕು ಮೊಟ್ಟೆಗೆ 24, ಅರ್ಧ ಲೀಟರ್ ಹಾಲಿಗೆ 16, ನೂರು ಗ್ರಾಂ ಕಡ್ಲೆಕಾಯಿ ಬೀಜಕ್ಕೆ 25, ಐವತ್ತು ಗ್ರಾಂ ಸೋಯಾ ಚಂಕ್ಸ್‌ಗೆ 26, ಇಷ್ಟಕ್ಕೇ 90 ದಾಟ್ತು, ಉಳಿದಿದ್ದು ಹುರುಳಿ ಕಾಳು ಸಾರು, ಬೇಳೆ, ಮುದ್ದೆ, ಅನ್ನ, ಮೊಸರಲ್ಲಿ ಬರತ್ತೆ. ಕೋಳಿ ಮೀನು ತಿನ್ನೋರಿಗೆ ಇನ್ನೂ ಸುಲಭ. ಒಂದೇ ಹೊತ್ತಲ್ಲಿ ತುರುಕ್ಬೇಡಿ, ನಾಲ್ಕು ಹೊತ್ತಿಗೆ ಹಂಚಿ.

ಮುದ್ದೆ ಅನ್ನ ಬಿಡ್ಬೇಡಿ ದಯವಿಟ್ಟು. ಓಟಕ್ಕೂ ಪಿಟ್ಠುಗೂ ಇಂಧನ ಅದೇ. ಪಿಟ್ಠು ನಡಿಗೆ ದಿನದ ಹಿಂದಿನ ರಾತ್ರಿ ಒಂದು ಮುದ್ದೆ ಜಾಸ್ತಿ, ಮುಗಿಸಿ ಬಂದ ಅರ್ಧ ಗಂಟೆ ಒಳಗೆ ಬಾಳೆಹಣ್ಣು, ಹಾಲು, ಬೆಲ್ಲದ ಚಿಕ್ಕಿ, ಏನಿರತ್ತೋ ಅದು. ತೆಳ್ಳಗಿದ್ದು ತೂಕ ಏರಿಸ್ಬೇಕಾದವರು ವಾರಕ್ಕೆ ಕಾಲು ಕೆಜಿ ಏರೋ ಹಾಗೆ ತಿನ್ನಿ, ಅದಕ್ಕಿಂತ ಬೇಗ ಏರಿದ್ರೆ ಬರೀ ಹೊಟ್ಟೆ ಬರತ್ತೆ.

ಇಂಜೆಕ್ಷನ್, ಸ್ಟೀರಾಯ್ಡ್, ನೀರಿಳಿಸೋ ಮಾತ್ರೆ, ಇದ್ಯಾವುದರ ಹತ್ರಕ್ಕೂ ಹೋಗ್ಬೇಡಿ. ಅದರಲ್ಲಿ ಬಂದ ಮಸಲ್ ಹಸಿವಿನ ಕೋರ್ಸಲ್ಲಿ ಮೊದಲು ಹೋಗತ್ತೆ, ನೀರಿಳಿಸೋ ಮಾತ್ರೆ ತಗೊಂಡು ಬಿಸಿಲಲ್ಲಿ ಓಡಿದ್ರೆ ಜೀವಕ್ಕೇ ಕುತ್ತು. ನೋವಿನ ಮಾತ್ರೆ ನುಂಗಿ ನೀರಿಲ್ಲದೆ ನಡೆಯೋದೂ ಅಷ್ಟೇ, ಕಿಡ್ನಿಗೆ ಬೀಳತ್ತೆ ಏಟು.

ಕೊನೆಯ ಎರಡು ವಾರ

ಇಲ್ಲಿ ಹುಡುಗರ ಕೈ ಕಟ್ಟಿಹಾಕ್ಬೇಕು ಅನ್ಸತ್ತೆ ನನಗೆ, ಭಯಕ್ಕೆ ಇನ್ನೂ ಜಾಸ್ತಿ ಮಾಡ್ತಾರೆ. ಅರ್ಧಕ್ಕೆ ಇಳಿಸಿ. ಪಿಟ್ಠು ಒಂದೇ ಸಲ, 10 ಕೆಜಿಗೆ. ರಾತ್ರಿ ಎಂಟು ಒಂಬತ್ತು ಗಂಟೆ ಮಲಗಿ, ಮುಂದೆ ವಾರಗಟ್ಟಲೆ ದಿನಕ್ಕೆ ಮೂರ್ನಾಲ್ಕು ಗಂಟೆ ಸಿಕ್ಕಿದ್ರೆ ಪುಣ್ಯ, ನಿದ್ದೆ ತುಂಬಿಸ್ಕೊಂಡು ಹೋದೋನ ತಲೆ ಜಾಸ್ತಿ ದಿನ ಓಡತ್ತೆ. ಹೊಟ್ಟೆ ತುಂಬ ತಿನ್ನಿ, ಒಂದು ಕೆಜಿ ಏರಿದ್ರೆ ಏರ್ಲಿ. ತಂಪು ಊರಿಂದ ಬಿಸಿಲ ಊರಿಗೆ ಹೋಗೋರು ಈ ಹತ್ತು ಹದಿನಾಲ್ಕು ದಿನ ಮಧ್ಯಾಹ್ನದ ಬಿಸಿಲಲ್ಲಿ ದಿನಾ ಒಂದು ಗಂಟೆ ನಿಧಾನ ನಡೀರಿ, ಮೈ ಬೆವರೋದು ಕಲಿಯೋಕೆ ಅಷ್ಟು ದಿನ ಬೇಕೇ ಬೇಕು.

ಕೋರ್ಸ್ ಒಳಗೆ ಹೋದ ಮೇಲೆ

ಸಿಕ್ಕಿದ್ದೆಲ್ಲ ತಿನ್ನಿ, ರುಚಿ ನೋಡ್ಬೇಡಿ. ರೇಂಜರ್ ಸ್ಕೂಲಲ್ಲಿ 1992ರಲ್ಲಿ ಇನ್ನೊಂದು ಬ್ಯಾಚಿಗೆ ದಿನಕ್ಕೆ ಸುಮಾರು 400 ಕ್ಯಾಲರಿ ಜಾಸ್ತಿ ಕೊಟ್ಟು ನೋಡಿದ್ರು, ತೂಕ ಇಳಿಯೋದೂ ಕಮ್ಮಿ ಆಯ್ತು, ಸೋಂಕೂ ಕಮ್ಮಿ ಆಯ್ತು. 400 ಕ್ಯಾಲರಿ ಅಂದ್ರೆ ಎಷ್ಟು, ಒಂದು ದೊಡ್ಡ ಹಿಡಿ ಶೇಂಗಾ ಬೀಜ, ಒಂದು ತುಂಡು ಬೆಲ್ಲ, ಎರಡು ಬಾಳೆಹಣ್ಣು, ಅಷ್ಟೇ. ಲಂಗರಲ್ಲಿ (ಸೈನ್ಯದ ಅಡುಗೆಮನೇಲಿ) ಮಿಕ್ಕ ಎರಡು ರೊಟ್ಟಿ ಬೇಡ ಅನ್ನೋ ಮುಂಚೆ ಈ ಲೆಕ್ಕ ನೆನಪಿಸ್ಕೊಳ್ಳಿ. ಕೆರೆದ ಗಾಯ, ತರಚು, ಬೆಲ್ಟ್ ಉಜ್ಜಿದ್ದು, ದಿನಾ ಸಂಜೆ ತೊಳೆದು ಒಣಗಿಸಿ, ಹಸಿದ ಮೈಯಲ್ಲಿ ಸಣ್ಣ ಗಾಯವೂ ಕೀವಾಗತ್ತೆ.

ಮೂರು ವಿಷಯಕ್ಕೆ ಮಾತ್ರ ಹಲ್ಲು ಕಚ್ಬೇಡಿ, ಉಸ್ತಾದ್‌ಗೆ (ಕೋರ್ಸ್ ಹೇಳ್ಕೊಡೋರಿಗೆ) ತಕ್ಷಣ ಹೇಳಿ. ಮೂತ್ರ ಟೀ ಡಿಕಾಕ್ಷನ್ ಬಣ್ಣಕ್ಕೆ ಬಂದ್ರೆ ಮಸಲ್ ಒಡೆದು ಕಿಡ್ನಿಗೆ ಹೋಗ್ತಿದೆ ಅಂತ. ಮೊಣಕಾಲ ಕೆಳಗಿನ ಮೂಳೇಲಿ ಬೆರಳಿಟ್ಟು ತೋರಿಸೋ ಹಾಗೆ ಒಂದೇ ಜಾಗದಲ್ಲಿ ನೋವಿದ್ದು, ಒಂಟಿ ಕಾಲಲ್ಲಿ ಕುಪ್ಪಳಿಸೋಕೆ ಆಗ್ಲಿಲ್ಲ ಅಂದ್ರೆ ಮೂಳೆ ಸೀಳಿರಬಹುದು. ಮೂರನೇದು ಬಡ್ಡಿಗಳು ನೋಡ್ಬೇಕಾದ್ದು, ಬಿಸಿಲಲ್ಲಿ ಒಬ್ಬ ತಡಬಡ ಮಾತಾಡ್ತಿದ್ದಾನೆ, ಕುಡಿದವನ ಹಾಗೆ ಓಲಾಡ್ತಿದ್ದಾನೆ, ಮೈ ಸುಡ್ತಿದೆ ಅಂದ್ರೆ ಹೀಟ್ ಸ್ಟ್ರೋಕ್, ಗಾಡಿ ಬರ್ಲಿ ಅಂತ ಕಾಯ್ಬೇಡಿ, ಬಟ್ಟೆ ಬಿಚ್ಚಿ ತಣ್ಣೀರು, ಐಸ್ ಏನಿದ್ರೂ ಸುರೀರಿ, ಮೈ ತಣ್ಣಗಾಗೋದು ಮೊದಲು, ಸಾಗಿಸೋದು ಆಮೇಲೆ. ನೀರೂ ಒಂದೇ ಸಲಕ್ಕೆ ಲೀಟರುಗಟ್ಟಲೆ ಕುಡೀಬೇಡಿ, ಉಪ್ಪಿಲ್ಲದ ನೀರು ಅತಿಯಾದ್ರೂ ತಲೆಗೆ ಏರತ್ತೆ, ಓಆರ್‌ಎಸ್ ಜೊತೇಲಿರ್ಲಿ.

ತಂಗಿಯರಿಗೆ

ಬೆಂಗಳೂರಿನ ಮಿಲಿಟರಿ ಪೊಲೀಸ್ ಸೆಂಟರಿಂದ 2021ರ ಮೇ ತಿಂಗಳಲ್ಲಿ 83 ಹೆಣ್ಣುಮಕ್ಕಳ ಮೊದಲ ಬ್ಯಾಚ್ ಆಚೆ ಬಂದ ಮೇಲೆ ನಮ್ಮ ಗ್ರೌಂಡಿಗೂ ಹುಡುಗಿಯರು ಬರ್ತಿದ್ದಾರೆ. ರೇಂಜರ್ ಸ್ಕೂಲನ್ನ 2015ರಲ್ಲೇ ಇಬ್ಬರು ಮಹಿಳಾ ಅಧಿಕಾರಿಗಳು, ಕ್ರಿಸ್ಟೆನ್ ಗ್ರೀಸ್ಟ್ ಮತ್ತೆ ಶೇ ಹೇವರ್, ಮೊದಲ ಸಲ ಮುಗಿಸಿದ್ರು. ನಿಮ್ಮ ಮೈಗೆ ಲೆಕ್ಕ ಬೇರೆ, ಮೇಲೆ ಹೇಳಿದ ಪರ್ಸೆಂಟ್ ನಿಮಗೆ ಹಾಕ್ಕೋಬೇಡಿ, ಹೆಣ್ಣಿನ ದೇಹಕ್ಕೆ ಬದುಕೋಕೇ 12 ಪರ್ಸೆಂಟ್ ಹತ್ತಿರ ಕೊಬ್ಬು ಬೇಕು, ಟೇಪಿನ ಸೂತ್ರದಲ್ಲೂ ಸೊಂಟದ ಕೆಳಗಿನ ಅಳತೆ ಸೇರತ್ತೆ. ನಿಮಗೆ ಟೇಪಿಗಿಂತ ಒಳ್ಳೆ ಮೀಟರ್ ಒಂದಿದೆ, ತಿಂಗಳ ಮುಟ್ಟು. ಟ್ರೈನಿಂಗ್ ಜಾಸ್ತಿ ಮಾಡಿ ಅದು ನಿಂತ್ರೆ ಖುಷಿ ಪಡ್ಬೇಡಿ, ತಿನ್ನೋದು ಸಾಲ್ತಿಲ್ಲ, ಮೂಳೆ ಸವೀತಿದೆ ಅಂತ ಅರ್ಥ, ಊಟ ಜಾಸ್ತಿ ಮಾಡಿ, ಡಾಕ್ಟರಿಗೆ ತೋರಿಸಿ.

ವಾಪಸ್ ಬಂದಾಗ

ಕೋರ್ಸ್ ಮುಗಿಸಿ ಬಂದ ದಿನ ಅಮ್ಮ ಮಾಡಿದ್ದೆಲ್ಲ ತಿನ್ಬೇಕು ಅನ್ಸತ್ತೆ, ತಿನ್ನಿ, ಆದ್ರೆ ಮೊದಲ ಎರಡು ಮೂರು ದಿನ ಸ್ವಲ್ಪ ಸ್ವಲ್ಪ, ಆರೇಳು ಹೊತ್ತು. ರೇಂಜರ್‌ಗಳನ್ನ ಐದು ವಾರ ಆದ್ಮೇಲೆ ಮತ್ತೆ ಅಳೆದಾಗ ಬಲ ವಾಪಸ್ ಬಂದಿತ್ತು, ಹಾರ್ಮೋನೂ ಸರಿಯಾಗಿತ್ತು, ಆದ್ರೆ ಕೊಬ್ಬು ಹೋಗೋವಾಗ ಇದ್ದಿದ್ದಕ್ಕಿಂತ ಜಾಸ್ತಿ ಸೇರಿತ್ತು. ಹಸಿದ ಮೈ ಹಾಗೇ, ಮುಂದಿನ ಬರಗಾಲಕ್ಕೆ ಕೂಡಿಟ್ಕೊಳ್ಳತ್ತೆ. ಗಾಬರಿ ಆಗ್ಬೇಡಿ, ಊಟ ಬಿಡ್ಬೇಡಿ. ಮೊದಲ ವಾರ ಬರೀ ನಡಿಗೆ, ಎರಡನೇ ವಾರದಿಂದ ಹಗುರವಾಗಿ ಬೀಮ್, ಮರಳು ಚೀಲ, ಮೂರನೇ ವಾರದಿಂದ ನಿಧಾನ ಓಟ. ಪಿಟ್ಠು ಒಂದು ತಿಂಗಳು ಮುಟ್ಬೇಡಿ. ಹೋಗೋವಾಗ ಬರೆದಿಟ್ಟ ಕುತ್ತಿಗೆ, ಹೊಟ್ಟೆ, ತೊಡೆ ಅಳತೆಯ ಚೀಟಿ ಇಟ್ಕೊಂಡಿರಿ, ತೊಡೆ ಮತ್ತೆ ಹಳೇ ಇಂಚಿಗೆ ಬಂದ ದಿನ 8 ಕೆಜಿ ಹಾಕ್ಕೊಂಡು 4 ಕಿಲೋಮೀಟರಿಂದ ಶುರು ಮಾಡಿ.